ಡಿವಿಡಿಯಲ್ಲಿ ಚಿತ್ರ ಬರುತ್ತೆ, ಸೌಂಡ್ ಬರಲ್ಲ: ಏನು ಮಾಡೋದು?

ಪ್ರಶ್ನೆ: ತಂಗಿಯ ಮದುವೆ ವಿಡಿಯೋ ಡಿವಿಡಿಗೆ ಬರ್ನ್ ಮಾಡಿದೆ. ಕಂಪ್ಯೂಟರಿನಲ್ಲಿ ಎಲ್ಲ ಸರಿ ಇದೆ. ಟಿವಿಗೆ ಜೋಡಿಸಿರುವ ಪ್ಲೇಯರಿನಲ್ಲಿ ಹಾಕಿದರೆ ಚಿತ್ರ ಮಾತ್ರ ಬರುತ್ತದೆ, ಸೌಂಡ್ ಇಲ್ಲ. ನಿಧಾನ ಸ್ಪೀಡಿನಲ್ಲಿ ಇನ್ನೊಂದು ಸಲ ಬರ್ನ್ ಮಾಡಿ ನೋಡಲಾ?

ಉತ್ತರ: ಬೇಡ. ಇನ್ನೊಂದು ಡಿಸ್ಕ್ ದಂಡ ಆಗುತ್ತದೆ, ಅಷ್ಟೇ.

ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಪ್ರತಿ ಸಲವೂ ಕೊನೆಯಲ್ಲಿ ಈ 'ನಿಧಾನ ಸ್ಪೀಡು' ಇದ್ದೇ ಇರುತ್ತದೆ. ಯಾರೋ ಅಂಗಡಿಯವರು ಹೇಳಿರುತ್ತಾರೆ, ಇಲ್ಲ ಭಾವ ಹೇಳಿರುತ್ತಾರೆ. ಹಾಗಾಗಿ ಮೊದಲು ಅದನ್ನೇ ಮುಗಿಸಿಬಿಡೋಣ.

ಡಿವಿಡಿಯಲ್ಲಿ ಚಿತ್ರ ಒಂದು ಕಡೆ, ಸೌಂಡ್ ಇನ್ನೊಂದು ಕಡೆ ಇರುವುದಿಲ್ಲ. ಎರಡೂ ಒಂದೇ ವಿಓಬಿ ಫೈಲಿನಲ್ಲಿ 2048 ಬೈಟಿನ ಸಣ್ಣ ಸಣ್ಣ ತುಂಡುಗಳಾಗಿ ಇರುತ್ತವೆ. ಒಂದಷ್ಟು ಚಿತ್ರದ ತುಂಡು, ನಡುವೆ ಸೌಂಡಿನ ತುಂಡು, ಮತ್ತೆ ಚಿತ್ರ. ಮಲ್ಲಿಗೆ, ಕನಕಾಂಬರ ಸೇರಿಸಿ ಕಟ್ಟಿದ ದಂಡೆಯ ಹಾಗೆ. ದಂಡೆ ಹರಿದರೆ ಎರಡೂ ಉದುರುತ್ತವೆ, ಕನಕಾಂಬರವೊಂದೇ ಅಲ್ಲ. ಬರ್ನ್ ಕೆಟ್ಟಿದ್ದರೆ ಚಿತ್ರ ನಿಲ್ಲಬೇಕಿತ್ತು, ಚೌಕ ಚೌಕವಾಗಿ ಒಡೆಯಬೇಕಿತ್ತು, ಇಲ್ಲವೇ ಪ್ಲೇಯರ್ ಡಿಸ್ಕನ್ನೇ ಒಪ್ಪಬಾರದಿತ್ತು. ಎರಡು ಗಂಟೆಯ ಮದುವೆ ಕನ್ನಡಿಯಂತೆ ಕಾಣಿಸಿ, ಸೌಂಡ್ ಮಾತ್ರ ಶುರುವಿನಿಂದ ಕೊನೆಯವರೆಗೂ ಮಾಯವಾಗಿದೆ ಅಂದರೆ, ಲೇಸರ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ನೀವು ಕೊಟ್ಟದ್ದನ್ನು ಬರೆದಿದೆ. ಕೊಟ್ಟದ್ದೇ ತಪ್ಪು.

ಈ ನಂಬಿಕೆ ಎಲ್ಲಿಂದ ಬಂತು? ಆಡಿಯೋ ಸಿಡಿ ಕಾಲದಿಂದ. ಆಗಿನ ಬರ್ನರಿಗೆ ಕಂಪ್ಯೂಟರಿನಿಂದ ಡೇಟಾ ಬರುವುದು ಒಂದು ಕ್ಷಣ ತಡವಾದರೂ ಸಿಡಿ ಕೆಡುತ್ತಿತ್ತು. ನಿಧಾನ ಬರೆದರೆ ಆ ಅಪಾಯ ಕಡಿಮೆ. ಜೊತೆಗೆ ಆಡಿಯೋ ಸಿಡಿಯಲ್ಲಿ ತಪ್ಪು ತಿದ್ದುವ ವ್ಯವಸ್ಥೆ ಡೇಟಾ ಸಿಡಿಯಷ್ಟು ಬಲವಾಗಿಲ್ಲ, ಬರ್ನ್ ಕೆಟ್ಟರೆ ಟಿಕ್ ಟಿಕ್ ಅಂತ ಕೇಳಿಸುತ್ತಿತ್ತು. ಆ ಕಾಲಕ್ಕೆ ಸಲಹೆ ಸರಿಯೇ. 2000ದ ಆಸುಪಾಸಿನಲ್ಲಿ ಡೇಟಾ ತಡವಾದರೆ ಕಾದು ಮುಂದುವರಿಸುವ ಬರ್ನರುಗಳು ಬಂದವು. ಸಲಹೆ ಮಾತ್ರ ಹೋಗಲಿಲ್ಲ. 'ಅಲ್ಲ ಸಾರ್, ನಿಧಾನ ಮಾಡಿದ ಮೇಲೆ ನಮಗೆ ಸೌಂಡ್ ಬಂತು' ಅನ್ನುವವರನ್ನು ಸ್ವಲ್ಪ ಕೆದಕಿ ನೋಡಿ. ಸ್ಪೀಡಿನ ಜೊತೆಗೆ ಸಾಫ್ಟ್‌ವೇರನ್ನೂ ಬದಲಾಯಿಸಿರುತ್ತಾರೆ!

ಈಗ ನಿಜವಾದ ವಿಷಯ. ಸೌಂಡನ್ನು ಫೈಲಿನಲ್ಲಿ ಇಡುವ ಬಗೆಗಳು, ಅಂದರೆ ಫಾರ್ಮ್ಯಾಟುಗಳು, ಹಲವು. ಡಿವಿಡಿ ವಿಡಿಯೋಗೆ ಅವುಗಳ ನಿಯಮ ಬಿಗಿ. ಎಸಿ3, ಅಂದರೆ ಡಾಲ್ಬಿ ಡಿಜಿಟಲ್, ಆಗುತ್ತದೆ. ಎಂಪಿ2 ಆಗುತ್ತದೆ. ಕುಗ್ಗಿಸದೆ ಹಾಗೇ ಇಟ್ಟ ಪಿಸಿಎಂ ಆಗುತ್ತದೆ. ಡಿಟಿಎಸ್ ಕೂಡ ಉಂಟು, ನಮಗೆ ಬೇಡ. ಎಂಪಿ3 ಇಲ್ಲ. ಎಎಸಿ ಇಲ್ಲ. ನಿಮ್ಮ ಫೋನು ರೆಕಾರ್ಡ್ ಮಾಡುವುದು ಹೆಚ್ಚಾಗಿ ಎಎಸಿಯಲ್ಲೇ ಅಲ್ವಾ? ಅಲ್ಲೇ ಇದೆ ಗಂಟು. ಪ್ಲೇಯರಿನ ಮೇಲೆ 'ಎಂಪಿ3' ಅಂತ ಬರೆದಿದೆಯಲ್ಲ ಅನ್ನಬೇಡಿ. ಅದು ಹಾಡಿನ ಫೈಲು ತುಂಬಿದ ಡಿಸ್ಕಿಗೆ, ಡಿವಿಡಿ ವಿಡಿಯೋದ ಒಳಗಿನ ಸೌಂಡಿಗಲ್ಲ. ಕಂಪ್ಯೂಟರಿನಲ್ಲಿ ವಿಡಿಯೋ ನೋಡುವ ವಿಎಲ್‌ಸಿ ಸಾಫ್ಟ್‌ವೇರ್ ಏನು ಕೊಟ್ಟರೂ ನುಂಗುತ್ತದೆ, ಅದರಲ್ಲಿ ಸೌಂಡ್ ಬಂತು ಅನ್ನುವುದು ಸಾಕ್ಷಿಯೇ ಅಲ್ಲ. ಅದರಲ್ಲೇ ಕಂಟ್ರೋಲ್ ಮತ್ತು ಜೆ ಒತ್ತಿ. ಯಾವ ಸೌಂಡು, ಎಷ್ಟು ಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಲ ಸೌಂಡನ್ನು ಅಳೆದು ಬರೆದಿದೆ) ಅಂತ ತೋರಿಸುತ್ತದೆ. ಅಲ್ಲಿ 48000 ಇರಬೇಕು. ಸಿಡಿಯ 44100 ಡಿವಿಡಿಗೆ ನಡೆಯುವುದಿಲ್ಲ.

ಸೌಂಡ್ ಬರುತ್ತದೆ ಆದರೆ ಹೊಂದುತ್ತಿಲ್ಲ, ತಾಳಿ ಕಟ್ಟಿ ಮುಗಿದ ಮೇಲೆ ಗಟ್ಟಿಮೇಳ ಕೇಳಿಸುತ್ತದೆ ಅನ್ನುವವರದ್ದು ಬೇರೆ ಕಾಯಿಲೆ. ಹಳೆಯ ಮಿನಿಡಿವಿ ಕ್ಯಾಮೆರಾದಲ್ಲಿ 12 ಬಿಟ್ ಅಂತ ಇಟ್ಟಿದ್ದರೆ ಸೌಂಡ್ 32000 ಹರ್ಟ್ಸ್‌ನಲ್ಲಿ ಇರುತ್ತದೆ, ಅದನ್ನು ಮೊದಲು 48000ಕ್ಕೆ ಬದಲಾಯಿಸಿಕೊಳ್ಳಿ. ಫೋನಿನ ವಿಡಿಯೋ ಆದರೆ ಸೆಕೆಂಡಿಗೆ ಎಷ್ಟು ಫ್ರೇಮು ಅನ್ನುವುದೇ ಏರಿಳಿಯುತ್ತಿರುತ್ತದೆ. ಅದನ್ನು ಒಂದೇ ಲೆಕ್ಕಕ್ಕೆ, ನಮಗಾದರೆ 25ಕ್ಕೆ, ತಂದುಕೊಳ್ಳಬೇಕು.

ಪರಿಹಾರ ಸುಲಭ. ಡಿವಿಡಿಸ್ಟೈಲರ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಆಡಿಯೋ ಎಸಿ3, 48000 ಹರ್ಟ್ಸ್, ಸ್ಟೀರಿಯೋ, 192 ಕೆಬಿಪಿಎಸ್ ಅಂತ ಆರಿಸಿ. ಮೊದಲು ಹಾರ್ಡ್‌ಡಿಸ್ಕಿನಲ್ಲಿ ವಿಡಿಯೋ ಟಿಎಸ್ ಫೋಲ್ಡರ್ (ಡಿಸ್ಕಿಗೆ ಹೋಗುವ ಫೈಲುಗಳೆಲ್ಲ ಇರುವುದು ಇದರಲ್ಲೇ) ಮಾಡಿಕೊಂಡು ಆ ಕಂಟ್ರೋಲ್-ಜೆ ಪರೀಕ್ಷೆ ಮಾಡಿ. ಅಳಿಸಿ ಬರೆಯಬಹುದಾದ ಡಿವಿಡಿ ಆರ್‌ಡಬ್ಲ್ಯೂ ಇದ್ದರೆ ಅದರಲ್ಲಿ ಒಮ್ಮೆ ಬರ್ನ್ ಮಾಡಿ ಪ್ಲೇಯರಿಗೆ ಹಾಕಿ ನೋಡಿ. ಪಿಸಿಎಂ ಬೇಕೆನ್ನುವವರು ಲೆಕ್ಕ ಹಾಕಿ: ಎರಡು ಗಂಟೆಗೆ ಸೌಂಡೊಂದೇ ಸುಮಾರು 1.4 ಜಿಬಿ. ಇರುವ ಜಾಗ 4.7. ಎಸಿ3 ಆದರೆ 175 ಎಂಬಿ ಒಳಗೆ ಮುಗಿಯುತ್ತದೆ. ವಾಲಗದ ಸೌಂಡಿಗೆ ಅದು ಧಾರಾಳ ಸಾಕು. ಸ್ಪೀಡ್ ಬೇಕಾದರೆ 16ಎಕ್ಸ್ ಡಿಸ್ಕಿಗೆ 8ಎಕ್ಸ್ ಇಡಿ.

ನೀವು ಕೇಳಿಲ್ಲ, ಆದರೆ ಮುಂದಿನ ವಾರ ಕೇಳುತ್ತೀರಿ: ಇದೇ ಡಿಸ್ಕನ್ನು ಅಮೆರಿಕದಲ್ಲಿರುವ ಅಕ್ಕನಿಗೆ ಕಳಿಸಬಹುದಾ? ಯಾವ ದೇಶದ ಪ್ಲೇಯರಿನಲ್ಲಿ ಓಡಬೇಕು ಅಂತ ಹಾಕುವ ಬೀಗ, ಅಂದರೆ ರೀಜನ್ ಕೋಡು, ಅದರ ಚಿಂತೆ ಬೇಡ, ಮನೆಯಲ್ಲಿ ಮಾಡಿದ ಡಿಸ್ಕಿಗೆ ಅದನ್ನು ನೀವೇ ಹಾಕದಿದ್ದರೆ ಇರುವುದಿಲ್ಲ. ತೊಂದರೆ ಪ್ಯಾಲ್ ಮತ್ತು ಎನ್‌ಟಿಎಸ್‌ಸಿ ಅನ್ನುವ ಎರಡು ಟಿವಿ ಪದ್ಧತಿಗಳದ್ದು. ನಮ್ಮದು ಪ್ಯಾಲ್, ಸೆಕೆಂಡಿಗೆ 25 ಫ್ರೇಮು, 720×576. ಅವರದ್ದು 29.97 ಫ್ರೇಮು, 720×480. ನಮ್ಮ ಪ್ಲೇಯರುಗಳಲ್ಲಿ ಹೆಚ್ಚಿನವು ಎರಡನ್ನೂ ತೋರಿಸುತ್ತವೆ, ಅಲ್ಲಿನ ಅನೇಕ ಪ್ಲೇಯರುಗಳು ಪ್ಯಾಲ್ ತೋರಿಸುವುದಿಲ್ಲ. ಅಕ್ಕನ ಡಿಸ್ಕನ್ನು ಎನ್‌ಟಿಎಸ್‌ಸಿಯಲ್ಲೇ ಬೇರೆ ಮಾಡಿ. ಸೌಂಡ್ ಅದಕ್ಕೂ ಎಸಿ3 ಇರಲಿ. ಎಂಪಿ2 ನಮ್ಮ ಕಡೆಯ ಡಿಸ್ಕಿಗೆ ಸರಿ, ಎನ್‌ಟಿಎಸ್‌ಸಿ ಪ್ಲೇಯರ್ ಅದನ್ನು ಓದಲೇಬೇಕೆಂಬ ನಿಯಮವಿಲ್ಲ.