ರೂಟ್ ಸರ್ವರ್ ವಿಳಾಸ ಬದಲಿಸಿದರೆ ನಮ್ಮ ರಿಸಾಲ್ವರ್‌ಗೆ ಹೇಳುವವರು ಯಾರು?

ವೆಬ್‌ಸೈಟ್ ಹೆಸರನ್ನು ಐಪಿ ವಿಳಾಸಕ್ಕೆ, ಅಂದರೆ ಯಂತ್ರದ ಅಂಕಿ ವಿಳಾಸಕ್ಕೆ, ತಿರುಗಿಸುವ ವ್ಯವಸ್ಥೆ ಡಿಎನ್‌ಎಸ್. ನಮ್ಮ ಪರವಾಗಿ ಆ ವಿಳಾಸ ಹುಡುಕುವುದು ರಿಸಾಲ್ವರ್, ಅದರ ಹುಡುಕಾಟ ಶುರುವಾಗುವುದು ರೂಟ್ ಸರ್ವರ್‌ನಿಂದ. ಡಿಎನ್‌ಎಸ್ ಓದುವಾಗ ನನ್ನ ತಲೆ ಜಾಸ್ತಿ ತಿಂದ ಪ್ರಶ್ನೆ ಇದು. ಐಪಿ ವಿಳಾಸ ಬದಲಾದರೂ ಜನರಿಗೆ ತೊಂದರೆಯಾಗಬಾರದು ಅಂತ ತಾನೇ ಹೆಸರು ಇಟ್ಟುಕೊಳ್ಳುವುದು? ಆದರೆ ಹುಡುಕಾಟ ಶುರುವಾಗುವ ಜಾಗದ ವಿಳಾಸವೇ ಬದಲಾದರೆ ಅದನ್ನು ಯಾರ ಹತ್ತಿರ ಕೇಳುವುದು?

ಇದು ಬರೀ ಪರೀಕ್ಷೆಗೆ ಕೇಳುವ ಪ್ರಶ್ನೆಯಲ್ಲ. 2023ರ ನವೆಂಬರ್ 27ರಂದು ರೂಟ್ ಸರ್ವರ್‌ಗಳಲ್ಲಿ ಒಂದಾದ ಬಿ-ರೂಟ್ ತನ್ನ ವಿಳಾಸವನ್ನು 199.9.14.201ರಿಂದ 170.247.170.2ಕ್ಕೆ ಬದಲಿಸಿತು. ಐಪಿವಿ6 ವಿಳಾಸವೂ ಅದೇ ದಿನ ಬದಲಾಯಿತು. ಇದನ್ನು ನಡೆಸುವುದು ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇನ್‌ಫರ್ಮೇಷನ್ ಸೈನ್ಸಸ್ ಇನ್‌ಸ್ಟಿಟ್ಯೂಟ್. ಆ ದಿನ ಯಾರ ಮನೆಯ ಇಂಟರ್ನೆಟ್ಟೂ ನಿಲ್ಲಲಿಲ್ಲ. ಯಾಕೆ ಅಂತ ನೋಡೋಣ.

ರೂಟ್ ಸರ್ವರ್‌ಗಳಿಗೆ ಎ ಇಂದ ಎಂ ವರೆಗೆ 13 ಹೆಸರುಗಳಿವೆ. ನಡೆಸುವ ಸಂಸ್ಥೆಗಳು 12, ಏಕೆಂದರೆ ಎ ಮತ್ತು ಜೆ ಎರಡೂ ವೆರಿಸೈನ್ ಕಂಪನಿಯ ಕೈಯಲ್ಲಿವೆ. ಹೆಸರು 13 ಅಂದರೆ ಯಂತ್ರಗಳೂ 13 ಅಂದುಕೊಳ್ಳಬೇಡಿ. ಎನಿಕಾಸ್ಟ್‌ನಿಂದಾಗಿ ಒಂದೇ ವಿಳಾಸಕ್ಕೆ ಜಗತ್ತಿನ ಹಲವು ಊರುಗಳಿಂದ ಉತ್ತರ ಬರುತ್ತದೆ.

ಈಗ ಮುಖ್ಯ ವಿಷಯ. ಪ್ರತಿ ರಿಸಾಲ್ವರ್ ಬಳಿ ಈ 13 ಹೆಸರು, ವಿಳಾಸಗಳ ಒಂದು ಪಟ್ಟಿ ಇರುತ್ತದೆ. ಇದೇ ರೂಟ್ ಹಿಂಟ್ಸ್ ಫೈಲ್. ಬೈಂಡ್, ಅನ್‌ಬೌಂಡ್‌ನಂಥ ಸಾಫ್ಟ್‌ವೇರ್‌ಗಳ ಒಳಗೇ ಇದರ ಒಂದು ಪ್ರತಿ ಸೇರಿರುತ್ತದೆ. ‘ಹಿಂಟ್’ ಅಂದರೆ ಸುಳಿವು. ಆ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಅರ್ಧ ಉತ್ತರ ಅದರಲ್ಲೇ ಇದೆ.

ನಮ್ಮ ಊರ ಮನೆಯ ಗೋಡೆ ಮೇಲೆ ಅಜ್ಜ ಪೆನ್ಸಿಲಿನಲ್ಲಿ ನೆಂಟರ ಫೋನ್ ನಂಬರುಗಳನ್ನು ಬರೆದಿಟ್ಟಿದ್ದರು. ಅರ್ಧಕ್ಕರ್ಧ ಹಳೆಯವು. ಆದರೂ ಯಾರ ನಂಬರ್ ಬೇಕಾದರೂ ಸಿಗುತ್ತಿತ್ತು. ಸರಿಯಿದ್ದ ಒಂದು ನಂಬರಿಗೆ ಫೋನ್ ಮಾಡಿ ‘ಉಳಿದವರದ್ದು ಈಗ ಏನು?’ ಅಂತ ಕೇಳಿದರೆ ಮುಗೀತು.

ರಿಸಾಲ್ವರ್ ಮಾಡುವುದೂ ಇದನ್ನೇ. ಶುರುವಾದ ಕೂಡಲೇ ಹಿಂಟ್ಸ್‌ನಲ್ಲಿರುವ ಯಾವುದಾದರೂ ಒಂದು ವಿಳಾಸಕ್ಕೆ ‘ರೂಟ್ ಸರ್ವರ್‌ಗಳು ಯಾವುವು?’ ಎಂದು ಕೇಳುತ್ತದೆ. ಇದಕ್ಕೆ ಪ್ರೈಮಿಂಗ್ ಎಂದು ಹೆಸರು. 2017ರಲ್ಲಿ ಇದರ ವಿವರ ಆರ್‌ಎಫ್‌ಸಿ 8109 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ಬಂತು; 2025ರಲ್ಲಿ ಅದರ ಜಾಗಕ್ಕೆ ಆರ್‌ಎಫ್‌ಸಿ 9609 ಬಂದಿದೆ. ಬಂದ ಉತ್ತರವನ್ನು ರಿಸಾಲ್ವರ್ ಕ್ಯಾಶ್‌ನಲ್ಲಿ, ಅಂದರೆ ತನ್ನ ತಾತ್ಕಾಲಿಕ ನೆನಪಿನಲ್ಲಿ, ಇಟ್ಟುಕೊಳ್ಳುತ್ತದೆ. ಆಮೇಲೆ ಹಿಂಟ್ಸ್ ಫೈಲ್ ಕಡೆ ಹೆಚ್ಚುಕಮ್ಮಿ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಬಿ-ರೂಟ್ ವಿಳಾಸ ಫೈಲಿನಲ್ಲಿ ಹಳೆಯದಿದ್ದರೂ ಉಳಿದ 12ರಲ್ಲಿ ಯಾವುದೋ ಒಂದು ಹೊಸದನ್ನು ಹೇಳಿಬಿಡುತ್ತದೆ.

ನಾನು ಎಡವಿದ್ದು ಇಲ್ಲೇ. ಹಿಂಟ್ಸ್ ಫೈಲಿನಲ್ಲಿ ಪ್ರತಿ ಸಾಲಿಗೂ 3600000 ಸೆಕೆಂಡ್ ಟಿಟಿಎಲ್ (ಮಾಹಿತಿಯನ್ನು ಇಟ್ಟುಕೊಳ್ಳಬಹುದಾದ ಅವಧಿ) ಇದೆ, ಅಂದರೆ ಸುಮಾರು 41 ದಿನ. ಹಾಗಾದರೆ 41 ದಿನ ಕಾದರೆ ಎಲ್ಲರೂ ಹೊಸ ವಿಳಾಸಕ್ಕೆ ಬಂದುಬಿಡ್ತಾರೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ತಪ್ಪು. ಕ್ಯಾಶ್‌ಗೆ ಲೆಕ್ಕ ಪ್ರೈಮಿಂಗ್ ಉತ್ತರದಲ್ಲಿ ಬರುವ ಟಿಟಿಎಲ್. ರೂಟ್ ಸರ್ವರ್‌ಗಳು ಕೊಡುವ ಮೂಲ ದಾಖಲೆಗಳ ಪಟ್ಟಿಯಾದ ರೂಟ್ ಜೋನ್‌ನಲ್ಲಿ ಅದು 518400 ಸೆಕೆಂಡ್, ಸರಿಯಾಗಿ 6 ದಿನ. ಅಷ್ಟಾದರೂ ‘6 ದಿನದಲ್ಲಿ ಎಲ್ಲ ಮುಗೀತು’ ಅನ್ನುವ ಹಾಗಿಲ್ಲ, ಯಾಕೆ ಅಂತ ಆಮೇಲೆ ನೋಡೋಣ.

ವಿಳಾಸ ಬದಲಿಸುವುದು ಯಾಕೆ ಅಂತ ಕೇಳಬಹುದು. ಕಾರಣ ಒಂದೊಂದು ಸಲ ಒಂದೊಂದು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಡಿ-ರೂಟ್ 128.8.10.90ರಲ್ಲಿತ್ತು. ಅದು ಕ್ಯಾಂಪಸ್ಸಿನ ವಿಳಾಸಗಳ ದೊಡ್ಡ ಬ್ಲಾಕಿನೊಳಗಿನದು. ಎನಿಕಾಸ್ಟ್ ಮಾಡಿ ಹಲವು ಕಡೆ ಹರಡಲು ಬೇರೆಯದೇ ಒಂದು ಬ್ಲಾಕ್ ಇದ್ದರೆ ಅನುಕೂಲ. ಹಾಗಾಗಿ 2013ರ ಜನವರಿ 3ರಂದು 199.7.91.13ಕ್ಕೆ ಬಂತು. ಬಿ-ರೂಟ್‌ನ 2023ರ ಕಥೆ ಬೇರೆ. ಹೊಸ ವಿಳಾಸಗಳನ್ನು ಕೊಟ್ಟಿದ್ದು ಲ್ಯಾಟಿನ್ ಅಮೆರಿಕ ಭಾಗದ ವಿಳಾಸ ಹಂಚುವ ಸಂಸ್ಥೆ ಲ್ಯಾಕ್‌ನಿಕ್. ರೂಟ್ ವಿಳಾಸಗಳೆಲ್ಲ ಒಂದೆರಡು ಸಂಸ್ಥೆಗಳ ಕೈಯಲ್ಲೇ ಇರುವುದು ಬೇಡ ಅನ್ನುವುದು ಅದರ ಹಿಂದಿನ ಲೆಕ್ಕಾಚಾರ.

ಹೊಸ ವಿಳಾಸ ಶುರು ಮಾಡುವುದು ಸುಲಭದ ಭಾಗ ಅಂತ ನನಗೆ ಅನಿಸುತ್ತದೆ. ರೂಟ್ ಜೋನ್, ಆ 13 ಹೆಸರುಗಳ ವಿಳಾಸ ಇರುವ ರೂಟ್-ಸರ್ವರ್ಸ್ ಡಾಟ್ ನೆಟ್ ಜೋನ್, ಹಿಂಟ್ಸ್ ಫೈಲ್ ಮೂರನ್ನೂ ತಿದ್ದಬೇಕು, ಅಷ್ಟೇ. ಕಷ್ಟವೆಲ್ಲ ಹಳೆಯದನ್ನು ಬಿಡುವುದರಲ್ಲಿದೆ.

ಜೆ-ರೂಟ್ 2002ರ ನವೆಂಬರ್‌ನಲ್ಲಿ 198.41.0.10ನ್ನು ಬಿಟ್ಟು 192.58.128.30ಕ್ಕೆ ಬಂತು. 13 ವರ್ಷದ ನಂತರ ವೆರಿಸೈನ್‌ನವರು ನೋಡಿದರೆ ಹಳೆ ವಿಳಾಸಕ್ಕೆ ಇನ್ನೂ ಪ್ರಶ್ನೆಗಳು ಬರುತ್ತಿದ್ದವು! ಪ್ರೈಮಿಂಗ್ ಮಾಡದ ಹಳೆ ಪ್ರೋಗ್ರಾಂ, ಯಾರೋ ಯಾವತ್ತೋ ವಿಳಾಸವನ್ನು ನೇರವಾಗಿ ಬರೆದಿಟ್ಟ ಸ್ಕ್ರಿಪ್ಟ್, ಇಂಥವಕ್ಕೆ ಟಿಟಿಎಲ್‌ನ ಹಂಗೇ ಇಲ್ಲ.

ಸುಮ್ನೆ ಆಫ್ ಮಾಡಿಬಿಟ್ಟರೆ ಆಗಲ್ವಾ? ಇಂಟರ್ನೆಟ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್ ನಡೆಸುವ ಎಲ್-ರೂಟ್ ಕಥೆ ಕೇಳಿ. 2007ರ ನವೆಂಬರ್ 1ರಂದು ಅದು 198.32.64.12ರಿಂದ 199.7.83.42ಕ್ಕೆ ಹೋಯಿತು. ಹಳೆ ವಿಳಾಸದ ಬ್ಲಾಕ್ ಐಕ್ಯಾನ್‌ನದ್ದಾಗಿರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಬೇರೆ ಬೇರೆ ನೆಟ್‌ವರ್ಕ್‌ಗಳು ಆ ವಿಳಾಸಕ್ಕೆ ದಾರಿ ತಮ್ಮ ಕಡೆಗಿದೆ ಎಂದು ಸಾರಿ, ತಾವೇ ಉತ್ತರ ಕೊಡತೊಡಗಿದವು. 2008ರ ಮೇ ತಿಂಗಳಲ್ಲಿ ಇದು ದೊಡ್ಡ ಚರ್ಚೆಯಾಯಿತು. ಸುಳ್ಳು ಉತ್ತರ ಕೊಟ್ಟದ್ದು ಕಂಡುಬರಲಿಲ್ಲ. ಆದರೆ ಕೊಡಬಹುದಿತ್ತು ಅನ್ನುವುದೇ ಭಯ.

2010ರಲ್ಲಿ ರೂಟ್ ಜೋನ್‌ಗೆ ಡಿಎನ್‌ಎಸ್‌ಸೆಕ್ ಸಹಿ (ಉತ್ತರ ಅಸಲಿ ಎಂದು ತೋರಿಸುವ ಡಿಜಿಟಲ್ ಸಹಿ) ಬಂದ ಮೇಲೆ ಈ ಭಯ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ರೂಟ್-ಸರ್ವರ್ಸ್ ಡಾಟ್ ನೆಟ್ ಜೋನ್‌ಗೆ ಸಹಿ ಇಲ್ಲ. ಅಂದರೆ ಪ್ರೈಮಿಂಗ್‌ನಲ್ಲಿ ಬರುವ ವಿಳಾಸಗಳನ್ನು ಸಹಿ ನೋಡಿ ಪರೀಕ್ಷಿಸಲಾಗದು. ಯಾರು ಏನು ಕೇಳುತ್ತಿದ್ದಾರೆ ಎಂದು ಕದ್ದು ನೋಡುವುದನ್ನಂತೂ ಸಹಿ ತಡೆಯುವುದೇ ಇಲ್ಲ. ಅದಕ್ಕೇ ಬಿ-ರೂಟ್‌ನವರು 2023ರಲ್ಲಿ ಹಳೆ ವಿಳಾಸದಲ್ಲೂ ಕನಿಷ್ಠ ಒಂದು ವರ್ಷ ಉತ್ತರ ಕೊಡುತ್ತೇವೆ ಎಂದು ಮೊದಲೇ ಹೇಳಿದ್ದರು.

ಒಂದು ಸಣ್ಣ ಅಭ್ಯಾಸ ಮಾಡಿ ನೋಡಿ. ನಿಮ್ಮ ಲ್ಯಾಬಿನ ಡಿಎನ್‌ಎಸ್ ಯಂತ್ರದಲ್ಲಿ ಹಿಂಟ್ಸ್ ಫೈಲ್ ಇದ್ದರೆ ತೆರೆದು ಬಿ ಸಾಲನ್ನು ಹುಡುಕಿ. ಅದು ಬೈಂಡ್ ಆಗಿದ್ದರೆ, ಫೈಲ್ ಹಳೆಯದಾದಾಗ ಲಾಗ್‌ನಲ್ಲಿ ‘ಚೆಕ್‌ಹಿಂಟ್ಸ್’ ಎಂಬ ಎಚ್ಚರಿಕೆಯೂ ಕಾಣುತ್ತದೆ. 170.247.170.2 ಇದ್ದರೆ ಫೈಲ್ ಹೊಸದು. 199.9.14.201 ಇದ್ದರೆ 2017ರ ಅಕ್ಟೋಬರ್‌ನಿಂದ 2023ರೊಳಗಿನದು. 192.228.79.201 ಇದ್ದರೆ 2004 ಮತ್ತು 2017ರ ನಡುವಿನದು. 128.9.0.107 ಕಂಡರೆ ಅದು 2004ರ ಜನವರಿಗೂ ಹಿಂದಿನ ಪ್ರತಿ. ಅಂಥ ಯಂತ್ರವನ್ನು ಮುಟ್ಟುವ ಮೊದಲು ಬ್ಯಾಕಪ್ ತೆಗೆದುಕೊಳ್ಳಿ.