ಓದುಗರ ಪ್ರಶ್ನೆ: ‘ಕಾಯಕವೇ ಕೈಲಾಸ’ ಅಂದಮೇಲೆ ಹೊತ್ತಿಗೆ ಸರಿಯಾಗಿ ಮನೆಗೆ ಹೋಗೋದು ತಪ್ಪಾ?

ಮೊದಲೆಲ್ಲ ಈ ಪ್ರಶ್ನೆ ಬಸವ ಜಯಂತಿಯ ಆಸುಪಾಸಿನಲ್ಲಿ ಬರುತ್ತಿತ್ತು. 2023ರಲ್ಲಿ ನಾರಾಯಣಮೂರ್ತಿಯವರು ವಾರಕ್ಕೆ 70 ಗಂಟೆ ದುಡಿಯುವ ಮಾತಾಡಿದ ಮೇಲೆ ಅದಕ್ಕೆ ಕಾಲಮಾನವೇ ಉಳಿದಿಲ್ಲ. ಈ ಸಲ ಕೇಳಿದವರ ಮ್ಯಾನೇಜರ್ ಸಾಹೇಬರು ಕುರ್ಚಿಯ ಹಿಂದೆಯೇ ಆ ಮಾತಿನ ಬೋರ್ಡು ತೂಗುಹಾಕಿದ್ದಾರಂತೆ. ಯಾರಾದರೂ ಬ್ಯಾಗ್ ಹೆಗಲಿಗೇರಿಸಿದರೆ ಅದರತ್ತ ಬೆರಳು ತೋರಿಸುತ್ತಾರಂತೆ, “ಬಸವಣ್ಣನೇ ಹೇಳಿದ್ದಾರೆ!”

ತಪ್ಪಲ್ಲ, ಮನೆಗೆ ಹೋಗಿ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಆ ಬೋರ್ಡನ್ನು ಸುಮ್ಮನೆ ಬಿಡೋಕಾಗಲ್ಲ.

ಎಷ್ಟು ಸಲ ಹೇಳಿದರೂ ಅಷ್ಟೇ, ಮತ್ತೊಮ್ಮೆ ಹೇಳುತ್ತೇನೆ: ಆ ಮಾತು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ‘ಕಾಯಕವೆ ಕೈಲಾಸವಾದ ಕಾರಣ’ ಅನ್ನುತ್ತಾನೆ ಅವನು. ಇಷ್ಟು ಓದಿದರೆ ಮ್ಯಾನೇಜರ್‌ಗೆ ಇನ್ನೂ ಖುಷಿಯಾದೀತು. ಪೂಜೆಯನ್ನೇ ಮರೆಯಬೇಕಾದರೆ ಮಗಳ ಸ್ಕೂಲ್ ಡೇ ಯಾವ ಲೆಕ್ಕ!

ಸ್ವಲ್ಪ ತಡೆಯಿರಿ. ಮಾರಯ್ಯನ ಕಾಯಕ ಯಾವುದು? ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು. ಅದರಲ್ಲೇ ಗಂಡ ಹೆಂಡಿರ ದಾಸೋಹ ನಡೆಯಬೇಕು. ಒಂದು ದಿನ ಆತ ದಿನದ ಅಳತೆಗಿಂತ ಹೆಚ್ಚಿಗೆ ಆಯ್ದು ತಂದ. ನಮ್ಮ ಕಾಲದಲ್ಲಾಗಿದ್ದರೆ ‘ಟಾರ್ಗೆಟ್ ಮೀರಿದ ಸಾಧಕ’ ಅಂತ ಫೋಟೊ ಹಾಕುತ್ತಿದ್ದರು. ಹೆಂಡತಿ ಲಕ್ಕಮ್ಮ ಏನೆಂದಳು ಗೊತ್ತೇ? “ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?” ಅಂತ ಶುರುಮಾಡಿ, “ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ” ಎಂದಳು. ಹೆಚ್ಚಾದ ಅಕ್ಕಿಯನ್ನು ತಂದಲ್ಲೇ ಸುರಿದು ಬರಲು ಕಳಿಸಿದಳು.

ಅಂದರೆ ಆ ವಚನ ಬರೆದವನ ಮನೆಯಲ್ಲೇ ಹೆಚ್ಚುವರಿ ದುಡಿಮೆಗೆ ಬೈಗುಳ ಬಿದ್ದಿದೆ! ಕೈಯಲ್ಲಿ ಕೆಲಸವಿದ್ದಾಗ ಮನಸ್ಸು ಬೇರೆಲ್ಲೂ ಇರಬಾರದು, ದಿನದ ಅಳತೆ ತುಂಬಿದಾಗ ಏಳಬೇಕು. ಎರಡೂ ಸೇರಿದರೇ ಕಾಯಕ. ಬೋರ್ಡು ಬರೆಸಿದವರು ಮೊದಲರ್ಧ ಇಟ್ಟುಕೊಂಡು ಲಕ್ಕಮ್ಮನನ್ನು ಹೊರಗೆ ಹಾಕಿದ್ದಾರೆ. ಬಸವಣ್ಣನ ಹೆಸರೇ ಬೇಕು ಅಂದರೆ ಅವರೂ ಲಕ್ಕಮ್ಮನ ಕಡೆಗೇ: ಹೊನ್ನಿನಲ್ಲಿ ಒಂದೊರೆ, ಸೀರೆಯಲ್ಲಿ ಒಂದೆಳೆ ಇಂದಿಗೆ ನಾಳೆಗೆ ಬೇಕೆಂದರೆ ನಿಮ್ಮಾಣೆ ಅಂದವರು ಅವರು. ಇದನ್ನು ಯಾವ ಕಂಪನಿಯ ಗೋಡೆಯ ಮೇಲೂ ನಾನಂತೂ ಕಂಡಿಲ್ಲ.

ಹಾಗಂತ ಎಂಟು ಗಂಟೆ ರೀಲ್ಸ್ ನೋಡಿ ಎದ್ದು ಹೋಗುವವರಿಗೆ ಲಕ್ಕಮ್ಮ ರಕ್ಷಣೆ ಕೊಡುವುದಿಲ್ಲ. ಗಂಡನ ಕಾಯಕ ನಿಂತಾಗಲೂ ‘ಕಾಯಕ ನಿಂದಿತ್ತು ಹೋಗಯ್ಯಾ’ ಅಂತ ಎಬ್ಬಿಸಿ ಕಳಿಸಿದವಳು ಇದೇ ಲಕ್ಕಮ್ಮ.

ಇನ್ನು, ಕೆಲಸ ಬದಲಿಸಿದರೆ ಕಾಯಕಕ್ಕೆ ದ್ರೋಹವೇ? ಇದನ್ನು ನೀವು ಕೇಳಿಲ್ಲ, ಆದರೆ ಕೇಳುವ ಮನಸ್ಸಿದ್ದಂತಿದೆ. ಮೋಳಿಗೆ ಮಾರಯ್ಯ ಕಾಶ್ಮೀರದ ಅರಸನಾಗಿದ್ದ, ಅದನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊರೆ ಮಾರಿದ ಅನ್ನುತ್ತದೆ ಪರಂಪರೆಯ ಕತೆ. ಶರಣರು ಅವನನ್ನು ತಮ್ಮವನೆಂದೇ ಎಣಿಸಿದರು. ಹಾಗಾಗಿ ಧಾರಾಳವಾಗಿ ಬದಲಿಸಿ. ಬಾಡಿಗೆ, ಇಎಂಐ ಲೆಕ್ಕ ಹಾಕಿಕೊಂಡೇ ರಾಜೀನಾಮೆ ಬರೆಯಿರಿ. ಮೋಳಿಗೆ ಮಾರಯ್ಯನಿಗೆ ಆ ತಾಪತ್ರಯ ಇರಲಿಲ್ಲ.