ಅಂಬಾಸಿಡರ್ ಒಳಗಿನ ಒರಿಜಿನಲ್ ಭಾಗಗಳನ್ನು ಗುರುತಿಸುವುದು ಹೇಗೆ?

ಬಳ್ಳಾರಿಯ ಗುಜರಿ ಅಂಗಡಿಯಲ್ಲಿ ಅಂಬಾಸಿಡರ್ ಬಾಗಿಲಿನ ಹಿಡಿ ಕೇಳಿ ನೋಡಿ. "ಕುಂದರ್ತೈತಿ ಸಾರ್, ತಗೊಂಡ್ ಹೋಗ್ರಿ" ಎನ್ನುತ್ತಾರೆ. ಅದು ಸುಳ್ಳಲ್ಲ, ಕೂರುತ್ತದೆ. ನಮ್ಮ ತೊಂದರೆ ಶುರುವಾಗುವುದೇ ಅಲ್ಲಿಂದ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಹುಟ್ಟಿದ ಈ ಕಾರು 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಅಷ್ಟು ವರ್ಷವೂ ಮೈಕಟ್ಟು ಹೆಚ್ಚು ಬದಲಾಗಲಿಲ್ಲ. ಹಾಗಾಗಿ ಒಂದು ಕಾಲದ ಎಷ್ಟೋ ಭಾಗಗಳು ಇನ್ನೊಂದು ಕಾಲದ ಕಾರಿಗೂ ಕೂರುತ್ತವೆ. ಕೂತ ಮಾತ್ರಕ್ಕೆ ಅದು ನಿಮ್ಮ ಕಾರಿನದು ಎಂದಲ್ಲ.

ಮೊದಲು ವರ್ಷ ಗೊತ್ತಾಗಬೇಕು. ನಂಬರ್ ಪ್ಲೇಟ್ ನೋಡಿ ಹೇಳಲು ಆಗುವುದಿಲ್ಲ. ಬಳ್ಳಾರಿಯ ಕೆಎ 34, ರಾಯಚೂರಿನ ಕೆಎ 36, ಕೊಪ್ಪಳದ ಕೆಎ 37 ಇವೆಲ್ಲ ಆಮೇಲೆ ಬಂದ ನಂಬರುಗಳು. ಇಲ್ಲಿನ ಹಳೆ ಗಾಡಿಗಳು ಕೈ ಬದಲಾಗಿ, ಊರು ಬದಲಾಗಿ ಬಂದಿರುತ್ತವೆ. ಆರ್‌ಸಿಯಲ್ಲಿರುವ ತಯಾರಿಕೆಯ ವರ್ಷವನ್ನೂ ಚಾಸಿಸ್ ನಂಬರನ್ನೂ ಸೇರಿಸಿ ನೋಡಿ. ಅಂಬಾಸಿಡರ್ ಮಾದರಿಗಳಿಗೆ ಕಾಲಕಾಲಕ್ಕೆ ಮಾರ್ಕ್ 1, ಮಾರ್ಕ್ 2 ಎಂದು ಹೆಸರು. ಮುಂದಿನ ಗ್ರಿಲ್ ನೋಡಿ "ಇದು ಮಾರ್ಕ್ 2" ಎಂದು ಹೇಳಿಬಿಡುವವರು ಜಾಸ್ತಿ. ಗ್ರಿಲ್ ಬದಲಿಸಲು ಎಷ್ಟು ಹೊತ್ತು ಬೇಕು, ಹೇಳಿ?

ಸೀಟು, ಗೇರುಗಳಲ್ಲಿ ಕಾಲದ ಗುರುತು ಸುಲಭ. ಹಳೆ ಮಾರ್ಕ್‌ಗಳಲ್ಲಿ ಗೇರ್ ಕೋಲು ಸ್ಟೀರಿಂಗ್ ಪಕ್ಕದಲ್ಲಿ, ಮುಂದೆ ಉದ್ದನೆಯ ಒಂದೇ ಸೀಟು. ನೆಲದ ಗೇರು, ಬೇರೆ ಬೇರೆ ಮುಂದಿನ ಸೀಟು 1990ರ ದಶಕದ ಇಸುಝು ಎಂಜಿನ್ ಮಾದರಿಯ ಲಕ್ಷಣ. ಮಾರ್ಕ್ 2ರಲ್ಲಿ ಇವು ಕಂಡರೆ ಯಾರೋ ಆಮೇಲೆ ಹಾಕಿಸಿದ್ದಾರೆ.

ಬಣ್ಣ, ಬಟ್ಟೆಯ ವಿಷಯಕ್ಕೆ ಬಂದರೆ, ಪುಸ್ತಕಕ್ಕಿಂತ ಕಾರೇ ಒಳ್ಳೆಯ ಸಾಕ್ಷಿ. ನಮ್ಮ ಬಿಸಿಲಿಗೆ ರೆಕ್ಸಿನ್ ಬಣ್ಣ ಬಿಟ್ಟು ಬಿರಿದಿರುತ್ತದೆ, ಮೇಲಿನ ಬಣ್ಣ ನಂಬಬೇಡಿ. ಗಾಜು ಇಳಿಸುವ ಹಿಡಿಯ ಕೆಳಗಿನ ಬಿಲ್ಲೆ ಬಿಚ್ಚಿ, ಅದರಡಿ ಬಿಸಿಲು ತಾಗದ ಉಂಗುರದಷ್ಟು ಜಾಗ ಇರುತ್ತದೆ. ಸೀಟಿನ ಕೆಳಮಡಿಕೆ, ಹಿಂದಿನ ಸೀಟಿನ ಅಡಿ, ಡೋರ್ ಪ್ಯಾಡಿನ ಹಿಂದಕ್ಕೆ ಮಡಚಿ ಅಂಟಿಸಿದ ಅಂಚು ಇವನ್ನೂ ನೋಡಿ. ಒಂದರ ಮೇಲೊಂದು ಎರಡು ಮೂರು ರೆಕ್ಸಿನ್ ಸಿಕ್ಕರೆ ತೀರ ಒಳಗಿನದೇ ಹಳೆಯದು. ಒಂದು ಚೂರು ಕತ್ತರಿಸಿ ಕವರಿನಲ್ಲಿ ಕತ್ತಲಲ್ಲಿಡಿ. ಡೋರ್ ಪ್ಯಾಡಿನ ಹಾರ್ಡ್‌ಬೋರ್ಡ್ ಮುರಿದಿದ್ದರೂ ಎಸೆಯಬೇಡಿ, ಕ್ಲಿಪ್ಪಿನ ತೂತುಗಳ ಅಳತೆ ಅದರಲ್ಲೇ ಇದೆ. ಚಾವಣಿ ಬಟ್ಟೆ ಬಿಚ್ಚುವಾಗ ಒಳಗಿನ ಕಂಬಿಗಳಿಗೆ ಮುಂದಿನಿಂದ ನಂಬರ್ ಹಾಕಿ. ಉದ್ದ ಒಂದೇ ಥರ ಇರುವುದಿಲ್ಲ.

ಇನ್ನು ಸ್ವಿಚ್ಚು, ಮೀಟರು. ನನಗೆ ಇಷ್ಟವಾದ ಪಾಠ ಇದು. ಕಾರಿನ ವಿದ್ಯುತ್ ಭಾಗ ಮಾಡುವ ಲ್ಯೂಕಾಸ್ ಕಂಪನಿಯ ಭಾಗಗಳ ಮೇಲೆ ಪಾರ್ಟ್ ನಂಬರಿನ ಜೊತೆ ಎಷ್ಟೋ ಸಲ ತಿಂಗಳು, ವರ್ಷ ಒತ್ತಿರುತ್ತಾರೆ. "4 61" ಎಂದರೆ 1961ರ ಏಪ್ರಿಲ್. ಭಾಗದ ತಾರೀಕು ಕಾರಿನದಕ್ಕಿಂತ ಸ್ವಲ್ಪ ಹಿಂದಿನದಾಗಿದ್ದರೆ ಸರಿ. ಮುಂದಿನದಾಗಿದ್ದರೆ ಅದು ಬದಲಿಸಿದ್ದು. ಲ್ಯೂಕಾಸ್ ಟಿವಿಎಸ್ ಎಂದಿದ್ದರೆ ಇನ್ನೂ ಸುಲಭ. ಆ ಕಂಪನಿ ಶುರುವಾಗಿದ್ದೇ 1960ರ ದಶಕದ ಆರಂಭದಲ್ಲಿ. 1959ರ ಕಾರಿನಲ್ಲಿ ಆ ಹೆಸರು ಮೊದಲಿನಿಂದ ಇರಲು ಸಾಧ್ಯವಿಲ್ಲ, ಅಲ್ವಾ?

ಸ್ಮಿತ್ಸ್ ಕಂಪನಿಯ ಸ್ಪೀಡೋಮೀಟರ್ ಸಿಕ್ಕರೆ ಡಯಲಿನ ಕೆಳಗೆ ಸಣ್ಣ ಅಕ್ಷರ ಓದಿ. ಎಸ್‌ಎನ್ ಎಂದು ಶುರುವಾಗುವ ಮಾಡೆಲ್ ನಂಬರ್, ಜೊತೆಗೆ 1280ರಂಥ ಒಂದು ಸಂಖ್ಯೆ. ಮೈಲಿಯ ಮೀಟರಿನಲ್ಲಿ ಅದು ಗೇರ್‌ಬಾಕ್ಸಿನಿಂದ ಮೀಟರಿಗೆ ಬರುವ ಕೇಬಲ್ ಒಂದು ಮೈಲಿಗೆ ಎಷ್ಟು ಸುತ್ತಬೇಕು ಎಂಬ ಲೆಕ್ಕ. ಕೇಬಲ್ 1280 ಸುತ್ತುವ ಕಾರಿಗೆ 1000ದ ಮೀಟರ್ ಹಾಕಿದರೆ, 50ರಲ್ಲಿ ಹೋಗುವಾಗ ಮುಳ್ಳು 64 ತೋರಿಸುತ್ತದೆ. ನೋಡಲು ಎರಡೂ ಒಂದೇ ಥರ!

ನಿಮ್ಮ ಕಾರಿನದು ಎಷ್ಟು ಎಂದು ಮನೆಯಲ್ಲೇ ತಿಳಿಯಬಹುದು. ಮೀಟರ್ ಕಡೆಯ ಕೇಬಲ್ ಬಿಚ್ಚಿ, ಒಳಗಿನ ತಂತಿಗೆ ರಟ್ಟಿನ ಮುಳ್ಳು ಸಿಕ್ಕಿಸಿ. ಹಿಂದಿನ ಚಕ್ರ 6 ಸುತ್ತು ಬರುವಷ್ಟು ಕಾರನ್ನು ನೇರವಾಗಿ ತಳ್ಳಿಸಿ, ರಟ್ಟು ಎಷ್ಟು ಸುತ್ತಿತು ಎಣಿಸಿ. ಅದನ್ನು 1680ರಿಂದ ಗುಣಿಸಿ, ಚಕ್ರದ ನಡುವಿನಿಂದ ನೆಲಕ್ಕೆ ಎಷ್ಟು ಇಂಚು ಇದೆಯೋ ಅದರಿಂದ ಭಾಗಿಸಿ. ಎತ್ತರ 12 ಇಂಚು, ರಟ್ಟು 9 ಸುತ್ತಿನ ಮೇಲೆ ಎಂಟನೇ ಒಂದು ಭಾಗ ಸುತ್ತಿದರೆ ಉತ್ತರ ಸುಮಾರು 1280. ಕಿಲೋಮೀಟರ್ ಮೀಟರಾದರೆ ಬಂದದ್ದನ್ನು 1.609ರಿಂದ ಭಾಗಿಸಿ.

ಹೊಳೆಯುವ ಹಿಡಿಗಳಿಗೆ ತೂಕ ನೋಡಿ. ಹಳೆ ಕ್ರೋಮ್ ಹಿಡಿಗಳು ಸಾಮಾನ್ಯವಾಗಿ ಸತುವಿನ ಎರಕ. ಕೈಗೆ ಭಾರ, ಹಳತಾದಂತೆ ಮೈಮೇಲೆ ಗುಳ್ಳೆ. ಹೊಸ ನಕಲಿ ಅಲ್ಯೂಮಿನಿಯಮ್ ಅಥವಾ ಪ್ಲಾಸ್ಟಿಕ್ಕಿನದಾದರೆ ಹಗುರ. ಅಯಸ್ಕಾಂತ ಇಲ್ಲಿ ಉಪಯೋಗವಿಲ್ಲ, ಇವ್ಯಾವುದಕ್ಕೂ ಅಂಟುವುದಿಲ್ಲ. ಹಿಂಬದಿಯ ಎರಕದ ನಂಬರನ್ನು ಪ್ಲೇಟಿಂಗ್‌ಗೆ ಕೊಡುವ ಮೊದಲೇ ಬರೆದಿಟ್ಟುಕೊಳ್ಳಿ, ಉಜ್ಜುವಾಗ ಅಳಿಸಿಹೋಗಬಹುದು. ಗುಳ್ಳೆ ಇದ್ದರೂ ಪೂರ್ತಿಯಾಗಿರುವ ಹಳೆಯದನ್ನೇ ನಾನು ಆರಿಸುತ್ತೇನೆ.

ಸೀಟಿನ ಹೊಲಿಗೆಗೆ ದೂರ ಹೋಗಬೇಕಿಲ್ಲ. ಜೀನ್ಸ್ ಹೊಲಿಯುವ ಊರು ನಮ್ಮದು, ದಪ್ಪ ಬಟ್ಟೆಯ ಮಷೀನಿಗೆ ಬರವಿಲ್ಲ. ಆದರೆ ಜೀನ್ಸಿನ ಹಾಗೆ ಒತ್ತೊತ್ತಾಗಿ ಹೊಲಿದರೆ ರೆಕ್ಸಿನ್ ಸೂಜಿ ತೂತಿನ ಸಾಲಿನಲ್ಲೇ ಹರಿಯುತ್ತದೆ. ಹಳೆ ಕವರಿನಲ್ಲಿ ಒಂದು ಇಂಚಿಗೆ ಎಷ್ಟು ಹೊಲಿಗೆ ಇದೆ ಎಣಿಸಿ ಅಷ್ಟೇ ಹಾಕಿಸಿ. ಒಳಗೆ ಸ್ಪ್ರಿಂಗು, ಗೋಣಿ, ತೆಂಗಿನ ನಾರು ಉಳಿದಿದ್ದರೆ ಕುಶನ್ ಮೇಸ್ತ್ರಿ ಏನೇ ಹೇಳಲಿ, ಬರೀ ಫೋಮ್ ತುಂಬಿಸಬೇಡಿ. ಸೀಟಿನ ಆಕಾರವೇ ಬದಲಾಗುತ್ತದೆ.

ಊರಿನ ಗುಜರಿ ಮುಗಿದ ಮೇಲೆ ಚೆನ್ನೈನ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್ ಇವೆ. ಹೋಗುವಾಗ ಮುರಿದ ಭಾಗವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಹಿಡಿ ಪಿನ್ನಿನದೋ ಸ್ಕ್ರೂವಿನದೋ, ಒಳಗಿನ ಹಲ್ಲು ಎಷ್ಟು ಎಂದು ಅಲ್ಲೇ ಪಕ್ಕದಲ್ಲಿಟ್ಟು ನೋಡಬಹುದು. ಫೋಟೋದಲ್ಲಿ ಹಲ್ಲು ಎಣಿಸಲು ಆಗುವುದಿಲ್ಲ.